ಮೂರನೆಯ ರೆಕಾರ್ಡು

ತಂಗಿ ಸೂಜಿಯನ್ನೆತ್ತಿ ಮತ್ತೆ ರೆಕಾರ್ಡಿನ ಅಂಚಿಗೆ ಇಟ್ಟಳು. ಅದೇ ಸಣ್ಣ ರಾಗ ಪಿಯಾನೋದಲ್ಲಿ ಇನ್ನೊಮ್ಮೆ ಶುರುವಾಯಿತು.

ಕೋಣೆಯ ನಡುವೆ ಅಕ್ಕನ ಶವಪೆಟ್ಟಿಗೆ ಹೊರಡಲು ಸಿದ್ಧವಾಗಿತ್ತು. ಅಕ್ಕನ ಜೊತೆ ಕೋರ್ಟಿನಲ್ಲಿ ಟೈಪು ಮಾಡುತ್ತಿದ್ದವರು ಗೋಡೆಗೆ ಒರಗಿ ನಿಂತಿದ್ದರು. ಇದ್ದ ಒಂದೇ ಕುರ್ಚಿಯಲ್ಲಿ ಮುದಿ ಸಂಗೀತ ವಿಮರ್ಶಕ ಕೂತಿದ್ದ. "ಸಂಗೀತದವರೊಬ್ಬರು ತೀರಿಕೊಂಡಿದ್ದಾರೆ, ಬಂದು ಎರಡು ಮಾತಾಡಿ" ಎಂದು ತಂಗಿಯೇ ಫೋನು ಮಾಡಿ ಕರೆಸಿದ್ದಳು. ಸತ್ತವರು ಯಾರೆಂದು ಅವನು ಕೇಳಿರಲಿಲ್ಲ.

"ಆ ತಿಕ್ಕಲು ಫ್ರೆಂಚನದಲ್ವಾ ಇದು?" ಎಂದ ಅವನು, ಗುರುತು ಸಿಕ್ಕ ಖುಷಿಯಲ್ಲಿ. "ಒಂದೇ ಸಾಲನ್ನ ನೂರಾರು ಸಲ ನುಡಿಸಿ ಅಂತ ಬರೆದಿಟ್ಟೋನು."

"ಅವನದೇ. ನುಡಿಸಿರೋದು ಯಾರು?"

"ಗೊತ್ತಾಗ್ತಿಲ್ಲಮ್ಮ."

"ಅವಸರ ಇಲ್ಲ" ಎಂದು ತಂಗಿ ಮತ್ತೆ ಸೂಜಿ ಇಟ್ಟಳು.

*

ಹರೆಯದಲ್ಲಿ ಅಕ್ಕ ನುಡಿಸಿ ಹೊರತಂದದ್ದು ಅದೊಂದೇ ರೆಕಾರ್ಡು. ಆ ಫ್ರೆಂಚನ ಸಂಗೀತದ ಮೂರು ರೆಕಾರ್ಡುಗಳನ್ನು ರೇಡಿಯೋದಲ್ಲಿ ಹೋಲಿಸಿ ನೋಡುತ್ತಾರೆಂದು ತಿಳಿದು ನೆರೆಯವರೆಲ್ಲ ಇದೇ ಕೋಣೆಯಲ್ಲಿ ಸೇರಿದ್ದರು. ಮೊದಲನೆಯದು ಬೆಳದಿಂಗಳು ಎಂದ ಇದೇ ವಿಮರ್ಶಕ. ಎರಡನೆಯದು ಎಳೆಬಿಸಿಲು. ಮೂರನೆಯದು ಅಕ್ಕನದು. "ಇದು ಪಿಯಾನೋ ಅಲ್ಲ, ಟೈಪ್‌ರೈಟರು" ಎಂದು ನಕ್ಕುಬಿಟ್ಟ. ನೆರೆಯವರೂ ನಕ್ಕು, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಅಕ್ಕ ರೇಡಿಯೋ ಆರಿಸಿದಳು. "ದಾರಿ ತೋರಿಸಿದಾನೆ ಬಿಡು. ಟೈಪಿಸ್ಟ್ ಕೆಲಸ ಆದ್ರೂ ಸಿಗುತ್ತೆ."

ಮಾತಿಗೆ ಅಂದದ್ದಲ್ಲ. ಪಿಯಾನೋ ಮಾರಿ ಟೈಪಿಂಗ್ ತರಗತಿಗೆ ಸೇರಿದಳು. ನಿವೃತ್ತಿಯವರೆಗೂ ಕೋರ್ಟಿನಲ್ಲಿ ಕೂತು ಊರವರ ಜಗಳಗಳನ್ನು ಟೈಪು ಮಾಡಿದಳು. ಮನೆಯಲ್ಲಿ ಯಾರು ಗುನುಗಿದರೂ ಎದ್ದು ಹೋಗುತ್ತಿದ್ದಳು. ಬರಬರುತ್ತಾ ತಂಗಿಯೂ ಬಾಯಿ ಮುಚ್ಚಿಕೊಂಡಳು.

*

ರಾಗ ಮತ್ತೆ ಮುಗಿದಾಗ ವಿಮರ್ಶಕ ಎದ್ದುನಿಂತ. "ನನಗೆ ಬೇರೆ ಕೆಲಸ ಇದೆ."

"ಕೂತ್ಕೊಳ್ಳಿ. ಪಿಯಾನೋ ಅಲ್ಲ, ಟೈಪ್‌ರೈಟರು ಅಂದಿದ್ರಲ್ಲ, ಆ ಟೈಪಿಸ್ಟೇ ಇಲ್ಲಿ ಮಲಗಿರೋದು."

"ಅಕ್ಕ ಪಿಯಾನೋ ನುಡಿಸ್ತಿದ್ರಾ?" ಎಂದು ಗೋಡೆಯ ಬಳಿ ಯಾರೋ ಪಿಸುಗುಟ್ಟಿದರು.

ವಿಮರ್ಶಕ ಪೆಟ್ಟಿಗೆಯ ಕಡೆ ತಿರುಗಿದ. "ಕೊನೇಲಿ ಒಂದು ಕಡೆ ತಡೀತಾರೆ. ಉಸಿರು ಹಿಡಿದ ಹಾಗೆ. ಅದು ಚೆನ್ನಾಗಿದೆ."

"ಅವತ್ತು ಕಿವಿ ಎಲ್ಲಿಟ್ಟಿದ್ರಿ?"

"ಅವತ್ತು ಪೂರ್ತಿ ಕೇಳಿರಲಿಲ್ಲಮ್ಮ. ಕಾರ್ಯಕ್ರಮ ಮುಗಿಸಬೇಕಿತ್ತು. ಏನೋ ಒಂದು ತಮಾಷೆ ಮಾತು ಹೊಳೀತು."

ಪೂರ್ತಿ ಕೇಳಿ ತಪ್ಪು ಹೇಳಿದ್ದರೆ ತಂಗಿ ಹೇಗೋ ನುಂಗಿಕೊಳ್ಳುತ್ತಿದ್ದಳು. ಇದನ್ನು ನುಂಗಲಾಗಲಿಲ್ಲ. ರೆಕಾರ್ಡು ನಿಲ್ಲಿಸಿದಳು.

"ನಿಮ್ಮ ಎರಡು ಮಾತು ಬೇಡ. ಹೆಗಲು ಕೊಡಿ."

ಸ್ಮಶಾನ ದಿಬ್ಬದ ಮೇಲಿತ್ತು. ಪೆಟ್ಟಿಗೆಯ ಮುಂದಿನ ಒಂದು ಮೂಲೆ ವಿಮರ್ಶಕನದು, ಉಳಿದವು ಟೈಪಿಸ್ಟರದು. ಏರು ಶುರುವಾಗುತ್ತಲೇ ಅವನ ಕಾಲು ತೊಡರಿತು. ಕನ್ನಡಕ ಮೂಗಿನ ತುದಿಗೆ ಜಾರಿತು. ಸರಿಪಡಿಸಲು ಕೈಗೆ ಬಿಡುವಿರಲಿಲ್ಲ.

"ಪಾಪ, ವಯಸ್ಸಾದೋರು. ನಾನು ಹಿಡೀಲಾ?" ಎಂದ ಪಕ್ಕದ ಮನೆಯವನು.

"ಬೇಡ" ಎಂದಳು ತಂಗಿ. "ಪೂರ್ತಿ ಹೋಗ್ಲಿ."

ಅರ್ಧ ದಿಬ್ಬದಲ್ಲಿ ವಿಮರ್ಶಕ ಉಸಿರಿಗಾಗಿ ಬಾಯಿ ತೆರೆದು ನಿಂತುಬಿಟ್ಟ. ಹಿಂದಿನವರು ನಿಲ್ಲಲಿಲ್ಲ. ಪೆಟ್ಟಿಗೆ ಅವನನ್ನು ಮುಂದಕ್ಕೆ ನೂಕಿತು.