ಹಳದಿ ಪಟ್ಟಿ

"ಚಾ ಕುಡಿ ಯವ್ವಾ. ಮಂದಿ ಮುಂದ ಮಾರಿ ಹಿಂಗ ಇಟ್ಕೊಂಡ ಕುಂದ್ರಬ್ಯಾಡ," ಎಂದು ನೇತ್ರಾ ಕಪ್ಪನ್ನು ತಾಯಿಯ ಕೈಗೆ ತುರುಕಿ ವೇದಿಕೆಯ ಕಡೆ ನಡೆದಳು.

ರತ್ನಾಬಾಯಿ ಕಪ್ಪನ್ನು ತುಟಿಯ ತನಕ ಒಯ್ದು, ಕುಡಿಯಲಾಗದೆ ಕುರ್ಚಿಯ ಕೆಳಗಿಟ್ಟಳು. ನಿನ್ನೆಯಿಂದ ಗಂಟಲು ಬಿಗಿಯುತ್ತಿತ್ತು. ಎಡಗಾಲಿನ ಮಾಗಿದ ಗಾಯ ಜುಮುಜುಮು ಎನ್ನುತ್ತಿತ್ತು. ಮಗಳಿಗೆ ಹೇಳಲು ಹೆದರಿಕೆ. ಹೆತ್ತ ಮಗಳಿಗೇ ಹೆದರುವುದೆಂದರೆ ಎಂಥ ಕರ್ಮ ನೋಡಿ!

ಲಂಡನ್ನಿನ ಗ್ರೀನ್‌ಫರ್ಡಿನ ಈ ಹಾಲಿನಲ್ಲಿ ಸೇರಿದ್ದ ಕನ್ನಡಿಗರ ಸಂಘ ಆ ವರ್ಷ ತಮ್ಮ ತಮ್ಮ ಊರಿನ ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸುವ ಕೆಲಸ ಹಿಡಿದಿತ್ತು. ಒಳ್ಳೆಯ ಕೆಲಸವೇ. ಸೂಜಿ ಬಿದ್ದ ನಾಯಿಯ ಕೊರಳಿಗೆ ಹಳದಿ ಪಟ್ಟಿ, ಪಟ್ಟಿಯ ಫೋಟೋ ಲಂಡನ್ನಿಗೆ. ಹೆಚ್ಚು ಫೋಟೋ ಬಂದ ಊರಿಗೆ ಬಹುಮಾನ ಎಂದು ಯಾರೋ ಒಬ್ಬರು ಸೇರಿಸಿದರು. ಅಲ್ಲಿಂದ ನೇತ್ರಾಳಿಗೆ ನಿದ್ದೆ ಇಲ್ಲ. ವಿಜಯಪುರ ಜಿಲ್ಲೆಯ ತನ್ನೂರಿನ ಮನೆಮನೆಗೂ ದಿನಾ ವಿಡಿಯೋ ಕಾಲ್ ಮಾಡಿ ಜೀವ ತಿಂದಳು.

"ಕಲಬುರ್ಗಿಯವ್ರು ನಲವತ್ತ ಫೋಟೋ ಕಳಿಸ್ಯಾರ. ನನ್ನ ತವರುಮನಿ ನಾಯಿದ ಇಲ್ಲಂದ್ರ ನಾ ಮಾರಿ ಎಲ್ಲಿ ಇಡ್ಲಿ?"

ತವರುಮನೆಯ ನಾಯಿ ಕೆಂಚ ಸೂಜಿಯವರ ಕೈಗೆ ಸಿಗದೆ ಹೊಲ ಬಿದ್ದು ಓಡಿತ್ತು. ಉಳಿದ ಪಟ್ಟಿಗಳನ್ನು ಅವರು ಪಂಚಾಯ್ತಿ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದರು. ಹಂಚಿನ ಮೇಲಿನ ಮೊದಲ ರೊಟ್ಟಿ ಯಾವತ್ತೂ ಕೆಂಚನದು. ಮರುದಿನ ಅದು ರೊಟ್ಟಿ ತಿನ್ನುವಾಗ ರತ್ನಾಬಾಯಿ ಮೆಲ್ಲಗೆ ಪಟ್ಟಿ ಸುತ್ತಿದಳು. ಸೂಜಿಯವರ ಹಾಗೆ ಬಕಲ್ ಹಾಕಲು ಬಾರದೆ, ದನದ ಹಗ್ಗಕ್ಕೆ ಹಾಕುವ ಗಂಟು ಹಾಕಿದಳು. ಫೋಟೋ ನೋಡಿ ನೇತ್ರಾ, "ನಮ್ಮವ್ವ ಅಂದ್ರ ಹಿಂಗಿರಬೇಕು!" ಎಂದಳು. ಎಷ್ಟು ವರ್ಷವಾಗಿತ್ತೋ ಮಗಳ ಬಾಯಲ್ಲಿ ಆ ಮಾತು ಕೇಳಿ. ರತ್ನಾಬಾಯಿಗೆ ಕಣ್ಣು ತುಂಬಿ ಬಂತು.

ತಿಂಗಳ ಮೇಲೆ ಕೆಂಚ ಅವಳ ಕಾಲಿಗೇ ಬಾಯಿ ಹಾಕಿತು. ಅವಳು ಮಗಳ ಬಳಿಗೆ ಲಂಡನ್ನಿಗೆ ಹೊರಡಲು ಮೂರೇ ದಿನವಿತ್ತು.

"ಕೊಳ್ಳಾಗ ಪಟ್ಟಿ ಐತಿಲ್ಲ?" ಎಂದು ನೇತ್ರಾ ಫೋನಿನಲ್ಲಿ ಕೇಳಿದಳು.

"ಐತಿ."

"ಮತ್ತ್ಯಾಕ ಅಂಜತಿ? ಅರಿಷಿಣ ಹಚ್ಚು."

ಅರಿಷಿಣ ಹಚ್ಚಿಕೊಂಡೇ ರತ್ನಾಬಾಯಿ ವಿಮಾನ ಹತ್ತಿದ್ದಳು.

ಈಗ ವೇದಿಕೆಯ ಮೇಲೆ, ಬೆಂಗಳೂರಿನವರಿಗೂ ತಿಳಿಯಲೆಂದು ನಯವಾದ ಕನ್ನಡದಲ್ಲಿ ನೇತ್ರಾ ಹೇಳುತ್ತಿದ್ದಳು: "ನಮ್ಮಮ್ಮನನ್ನೇ ನೋಡಿ. ಪಟ್ಟಿ ಇರೋ ನಾಯಿ ಕಚ್ಚಿ ಆರು ವಾರ ಆಯ್ತು. ಗುಂಡುಕಲ್ಲಿನ ಹಾಗಿದಾರೆ!"

ಚಪ್ಪಾಳೆ ಬಿತ್ತು. ಸಂಘದ ಅಧ್ಯಕ್ಷೆ ಮಾಳವಿಕಾ ಮುದುಕಿಯನ್ನು ಕೈಹಿಡಿದು ಮೇಲೆ ಕರೆತಂದಳು. ಒಣಗಿದ ತುಟಿ ಕಂಡು, "ತಗೊಳ್ಳಿ ಅಮ್ಮ" ಎಂದು ನೀರಿನ ಗ್ಲಾಸ್ ಚಾಚಿದಳು. ನೀರು ಬಾಯಿಯ ಹತ್ತಿರ ಬಂದದ್ದೇ ತಡ, ರತ್ನಾಬಾಯಿಯ ಕುತ್ತಿಗೆ ಸೆಟೆಯಿತು. ಗ್ಲಾಸನ್ನು ತಳ್ಳಿ, ಉಸಿರು ಸಿಗದವಳಂತೆ ಬಾಯಿ ತೆರೆದು ಹಿಂದಕ್ಕೆ ಸರಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಮುಂದಿನ ಸಾಲಿನಲ್ಲಿದ್ದ ಡಾಕ್ಟರ್ ಸುಶಾಂತ ಎದ್ದು ಬಂದ. "ಅಮ್ಮಾ, ಆ ನಾಯಿಗೆ ಸೂಜಿ ಹಾಕಿಸಿದ್ರಾ?"

"ಹಾಕ್ಸೀವ್ರೀ! ಫೋಟೋ ಐತಿ!" ನೇತ್ರಾಳ ನಯದ ಕನ್ನಡ ಎಲ್ಲಿಗೆ ಹೋಯಿತೋ.

"ಸೂಜಿ ಇಲ್ಲ," ಎಂದಳು ರತ್ನಾಬಾಯಿ. ಮೈಕ್ ಹತ್ತಿರವೇ ಇತ್ತು. ಇಡೀ ಹಾಲಿಗೆ ಕೇಳಿತು. "ಪಟ್ಟಿ ನಾನ ಕಟ್ಟೀನಿ. ನೀ ಸಿಟ್ಟಾಗ್ತಿ ಅಂತ."

ಸುಶಾಂತ ಆಂಬುಲೆನ್ಸಿಗೆ ಫೋನ್ ಮಾಡಿದ. ನೇತ್ರಾ ಅವನ ತೋಳು ಜಗ್ಗಿ, "ಈಗ ಸೂಜಿ ಹಾಕಿದ್ರ ಆತು ಅಲ್ರೀ? ಹೇಳ್ರಲ್ಲ!" ಎಂದಳು. "ಕಚ್ಚಿದ ದಿನಾನೇ ಹಾಕಿಸ್ಬೇಕಿತ್ತು," ಎಂದ ಅವನು.

ವೇದಿಕೆಯ ಹಿಂದಿನ ತೆರೆಯ ಮೇಲೆ ಓಡುತ್ತಿದ್ದ ಫೋಟೋಗಳನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಊರಿನ ನಾಯಿಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ನೂರು ಸಲ ನೋಡಿದ್ದ ಫೋಟೋಗಳು. ನೇತ್ರಾ ಈಗ ಕೊರಳುಗಳನ್ನಷ್ಟೇ ನೋಡಿದಳು. ಬಕಲ್. ಬಕಲ್. ಕೆಂಚನ ಗಂಟು. ಆಮೇಲೆ ಇನ್ನೊಂದು ಮನೆಯ ನಾಯಿ, ಗಂಟು. ಅದರಾಚೆಯದೂ ಗಂಟು. ಅದರ ಪಕ್ಕದಲ್ಲಿ, ನಾಯಿಯ ಕೊರಳಿಗೆ ಕೈಹಾಕಿಕೊಂಡು, ಒಂದು ಪುಟ್ಟ ಹುಡುಗಿ ನಗುತ್ತಿದ್ದಳು.