ಹೆಸರು ಸಿಗದ ಪತಂಗ

ಮೂವತ್ತೆಂಟು ಪತಂಗಗಳಿಗೆ ಹೆಸರು ಸಿಕ್ಕಿತು. ಮೂವತ್ತೊಂಬತ್ತನೆಯದರ ಗುರುತು ಮಾತ್ರ ಮಲಕಾಜಪ್ಪನಿಗೆ ಹತ್ತಲಿಲ್ಲ. ಬೂದು ಬಣ್ಣ, ರೆಕ್ಕೆಯ ಅಂಚಿಗೆ ಮಾಸಿದ ಅರಿಸಿನದ ಗೆರೆ. ಪುಸ್ತಕದಲ್ಲಿ ಅಂಥದ್ದು ಇರಲಿಲ್ಲ.

ಬೈಲಹೊಂಗಲದ ಕಾಲೇಜಿನಲ್ಲಿ ಅವನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ನಾಲ್ಕು ಬೇಸಿಗೆಗಳಿಂದ ಹಿತ್ತಲ ನುಗ್ಗೆಗಿಡದ ಕೆಳಗೆ ಬಕೆಟ್ ಇಟ್ಟು, ಒಳಗೆ ಹುಳ ಕೂರಲು ತತ್ತಿಯ ಟ್ರೇ ಜೋಡಿಸಿ, ಮೇಲೆ ನೀಲಿ ಬಲ್ಬು ಹಚ್ಚಿ ಪತಂಗ ಹಿಡಿಯುವುದು, ಬೆಳಿಗ್ಗೆ ವಹಿಯಲ್ಲಿ ಹೆಸರು ಬರೆದುಕೊಂಡು ಬಿಡುವುದು ಅವನ ರೂಢಿ. ಒಂದು ದಿನವೂ ತಪ್ಪಿಸಿರಲಿಲ್ಲ. ಹೋದ ವಾರ ಹೆಂಡತಿ ಮೀನಾ ಸತ್ತ ದಿನದ ಸಾಲೂ ಭರ್ತಿಯಾಗಿತ್ತು: ಇಪ್ಪತ್ತೆರಡು. ಅವತ್ತೂ ಒಂದೊಂದನ್ನೇ ಎಣಿಸಿ ಬರೆದಿದ್ದ. ನೆನೆದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆ.

ಮೂವತ್ತೆಂಟನ್ನೂ ಹಾರಿಸಿದ. ಹೆಸರಿಲ್ಲದ್ದನ್ನು ಹುಳ ಕೊಲ್ಲುವ ಔಷಧದ ಬಾಟಲಿಗೆ ಹಾಕಿ ಮುಚ್ಚಳ ತಿರುವಿದ. ಸತ್ತ ಮೇಲೆ ಸಾವಕಾಶವಾಗಿ ನೋಡಬಹುದು.

"ಇವತ್ತೂ ಬರ್ಲಿಲ್ರಿ," ಎಂದಳು ಸುಂದರವ್ವ, ಹಿತ್ತಲ ಬಾಗಿಲಲ್ಲಿ ನಿಂತು.

ಮೀನಾಳ ತಾಯಿ. ಮಗಳ ಜೀವ ಹೋದ ಜಾಗದಲ್ಲಿ ಜೋಳದ ಹಿಟ್ಟು ಹರವಿ, ನಡುವೆ ದೀಪವಿಟ್ಟು ಐದು ರಾತ್ರಿ ಕಾದಿದ್ದಳು. ಹೋದವರು ಹುಳವಾಗಿ ದೀಪಕ್ಕೆ ಬರುತ್ತಾರೆ, ಹಿಟ್ಟಿನ ಮೇಲೆ ಗುರುತು ಬಿಡುತ್ತಾರೆ ಎಂಬ ನಂಬಿಕೆ. ಇಂದು ಹಿಟ್ಟು ಬಳಿದು ಹತ್ತರ ಬಸ್ಸಿಗೆ ಅವಳು ತನ್ನೂರು ಕಟಕೋಳಕ್ಕೆ ಹೊರಡಬೇಕು.

"ಅಕಿ ಜಡ್ಡಿಗೆ ಬಿದ್ದಾಗ ನಾ ಲಗೂನ ಬರ್ಲಿಲ್ಲ. ಆ ಸಿಟ್ಟೇನ್ರಿ?"

"ಹಂಗೇನಿಲ್ಲ, ಅತ್ತಿ."

ಅಂಥ ಜಡ್ಡೇನಿಲ್ಲ, ಬರಬೇಡಿ ಎಂದು ಆಗ ಫೋನಿನಲ್ಲಿ ಹೇಳಿದ್ದವನು ಅವನೇ.

ಸುಂದರವ್ವ ಬಲ್ಬನ್ನೇ ನೋಡುತ್ತಿದ್ದಳು. "ಇದು ರಾತ್ರಿಯೆಲ್ಲಾ ಉರೀತಿತ್ತೇನ್ರಿ?"

"ಹೂಂ."

"ಐದೂ ದಿನ?"

ಅವನು ಬಲ್ಬಿನ ತಂತಿ ಬಿಚ್ಚತೊಡಗಿದ. ಈ ಬೆಳಕಿದ್ದರೆ ಎಣ್ಣೆದೀಪದ ಹತ್ತಿರ ಒಂದು ಹುಳವೂ ಸುಳಿಯುವುದಿಲ್ಲ; ತರಗತಿಯಲ್ಲಿ ತಾನೇ ಹೇಳುವ ಪಾಠ. ಐದು ದಿನವೂ ಇದು ತನ್ನ ತಲೆಗೆ ಹೊಳೆಯಲಿಲ್ಲವೇ? ಹೊಳೆದಿತ್ತೇ? ಅದನ್ನು ಕೆದಕಲು ಅವನಿಗೆ ಭಯವಾಯಿತು.

ಸುಂದರವ್ವನ ಮುಖ ಅರಳಿತು. "ಹಂಗಾರ ಇಲ್ಲೇ ಬಂದಿರ್ತಾಳ! ಅಕಿ ಯಾವಕಿ, ತೋರಸ್ರಿ. ನಿಮಗ ಎಲ್ಲಾದರ ಗುರ್ತು ಐತೆಲ್ಲ."

"ಬಿಟ್ಟೆ, ಅತ್ತಿ. ಎಲ್ಲಾ ಹಾರಿ ಹೋದ್ವು."

"ಒಂದೂ ಉಳೀಲಿಲ್ಲ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನು ಬಾಟಲಿಯ ಮುಚ್ಚಳ ತೆಗೆದು ಅವಳ ಅಂಗೈಗೆ ಬಗ್ಗಿಸಿದ. "ಇದೊಂದು."

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಯಾಕ ಹಾರವಲ್ತು?"

"ದಣದಿರಬೇಕು."

ಕೂಸಿನ ಹಾಲು ಆರಿಸುವಂತೆ ಅವಳು ಮೆಲ್ಲಗೆ ಊದಿದಳು. ರೆಕ್ಕೆ ಮಿಸುಕಿತು.

"ಜೀವ ಐತಿ, ನೋಡ್ರಿ!"

"ಹೂಂ," ಎಂದ.

ಹತ್ತರ ಬಸ್ಸಿನ ಹೊತ್ತು ಮೀರಿತು. ಬಿಸಿಲು ಗೋಡೆ ದಾಟಿ ಕಲ್ಲಿಗೆ ಬಂತು. ಅವಳು ಇನ್ನೂ ಊದುತ್ತಿದ್ದಳು. ಊದಿದಾಗಲೆಲ್ಲ ರೆಕ್ಕೆ ಏಳುತ್ತಿತ್ತು, ಬೂದುಪುಡಿ ಅಷ್ಟಷ್ಟೇ ಉದುರಿ ಅಂಗೈಗೆ ಅಂಟುತ್ತಿತ್ತು.