ಖಾಲಿ ಬಿಟ್ಟ ಸ್ವರ

ಲಾಂಗಾ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ ನೊಬಾಂತು ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಸೂತಕದ ಕರಿಬಟ್ಟೆ ತೊಟ್ಟ ವಿಧವೆಯ ಜಾಗ ಅದೇ. ವರ್ಷ ತುಂಬಿ ಆ ಬಟ್ಟೆ ಸುಡುವವರೆಗೆ ಅವಳು ಜನರ ನಡುವೆ ದನಿ ಎತ್ತುವಂತಿರಲಿಲ್ಲ. ಇಂದು ಗಂಡ ಮೊನ್ವಾಬಿಸಿಯ ನೆನಪಿಗೆ ಜಾಝ್ ಕಚೇರಿ. ಮೂವತ್ತು ವರ್ಷ ಅವನ ಪಿಯಾನೋದ ಬದಿಗೆ ನಿಂತು ಹಾಡಿದವಳು ಬಾಯಿ ಮುಚ್ಚಿಕೊಂಡು ಕೇಳಬೇಕು. ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದಳು. ಅವಳು ಆಸೆಪಟ್ಟಿದ್ದು ಒಂದೇ: ಅವನು ಕಟ್ಟಿದ ‘ಗುಡ್ಡದ ಮೋಡ’ ನುಡಿಸುವಾಗ ತಾನು ಹಾಡುತ್ತಿದ್ದ ಜಾಗವನ್ನು ಖಾಲಿ ಬಿಡಬೇಕು.

ಆ ಜಾಗ ಹುಟ್ಟಿದ್ದು ಇದೇ ಸಭಾಂಗಣದ ಹಳೇ ಪಿಯಾನೋದಿಂದ. ಅದರ ಒಂದು ಕೀ ಒತ್ತಿದರೆ ಮರ ತಟ್ಟಿದ ಸದ್ದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆ ಸ್ವರದ ಸರದಿ ಬಂದಾಗ ಮೊನ್ವಾಬಿಸಿ ಕೈ ಎತ್ತಿ ಅವಳತ್ತ ತಿರುಗುತ್ತಿದ್ದ; ಅವಳು ಅದನ್ನು ಹಾಡುತ್ತಿದ್ದಳು. ಒಂದೇ ಸ್ವರ, ನೀಳವಾಗಿ. ಮುಂದೆ ಒಳ್ಳೊಳ್ಳೆಯ ಪಿಯಾನೋ ಸಿಕ್ಕಾಗಲೂ ಅವನು ಆ ಕೀ ಮುಟ್ಟಲಿಲ್ಲ. “ಅದು ನಿಂದು ಕಣೇ, ನಾನ್ಯಾಕೆ ಕದೀಲಿ?” ಅನ್ನುತ್ತಿದ್ದ. ಮನೆಯಲ್ಲಿ ಜಗಳವಾಡಿ ಬಂದ ದಿನ ಅವಳು ಬೇಕೆಂದೇ ಹಾಡದೆ ನಿಂತರೆ, ಡ್ರಮ್ಮಿನವನು ಬೈಯುವವರೆಗೂ ಕೈ ಎತ್ತಿಕೊಂಡೇ ಕಾಯುತ್ತಿದ್ದ.

ಜನ ಸೇರುವ ಮುಂಚೆ ಲುಲಾಮ ಅಭ್ಯಾಸಕ್ಕೆ ಕೂತ. ಮೊನ್ವಾಬಿಸಿಯ ಸ್ಥಾನದಲ್ಲಿ ನುಡಿಸಲು ಬಂದ ತರುಣ ಅವನು. ಬಾಡಿಗೆಗೆ ತಂದ ಹೊಸ ಪಿಯಾನೋ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ‘ಗುಡ್ಡದ ಮೋಡ’ ಶುರುವಾಯಿತು. ನೊಬಾಂತು ಕರಿ ಶಾಲಿನಡಿ ಬೆರಳು ಹೆಣೆದುಕೊಂಡಳು. ಆ ಜಾಗ ಬಂತು. ಲುಲಾಮನ ಬೆರಳು ಅಲ್ಲೊಂದು ದುಂಡನೆಯ, ತುಂಬಿದ ಸ್ವರ ಇಟ್ಟು ಮುಂದೆ ಹೋಯಿತು.

ಅವಳು ಪಕ್ಕದಲ್ಲಿದ್ದ ಗಂಡನ ಅಕ್ಕ ನೊಕ್ವಾಕಳ ತೋಳು ಹಿಡಿದಳು. “ಅಕ್ಕಾ, ಅವನು ನನ್ನ ಸ್ವರ ನುಡಿಸಿಬಿಟ್ಟ.”

“ನುಡಿಸ್ದೆ ಇನ್ನೇನು ಮಾಡ್ತಾನೆ ಮಾಬೇಲೆ?” ನೊಕ್ವಾಕ ಅವಳನ್ನು ಕರೆಯುತ್ತಿದ್ದುದು ಯಾವಾಗಲೂ ತವರಿನ ಕುಲದ ಹೆಸರಿನಿಂದಲೇ. “ಪಿಯಾನೋ ಮುಂದೆ ಕೂತು ಬೋಂಡ ಕರೀತಾನಾ?”

“ಅಲ್ಲಿ ಖಾಲಿ ಬಿಡು ಅಂತ ಅವನಿಗೆ ಹೇಳಿ. ನಾನು ಎದ್ದು ಹೋಗೋ ಹಾಗಿಲ್ಲ.”

ನೊಕ್ವಾಕಳ ಕಣ್ಣು ಕಿರಿದಾಯಿತು. “ಹಾಡೋ ಯೋಚನೆ ಏನಾದ್ರೂ ಇದೆಯಾ ನಿಂಗೆ? ವರ್ಷ ತುಂಬೋವರೆಗೂ ಹೋದೋನು ಪೂರ್ತಿ ಹೋಗಿರಲ್ಲ, ನೆನಪಿರ್ಲಿ.”

“ಇಲ್ಲ ಅಕ್ಕಾ. ಖಾಲಿ ಇದ್ರೆ ಸಾಕು.”

ನೊಕ್ವಾಕ ಗೊಣಗುತ್ತಲೇ ಹೋಗಿ ಅವನನ್ನು ಕರೆತಂದಳು. ಅವನು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಅಮ್ಮಾ, ನಾನು ಕಲ್ತಿದ್ದು ರೆಕಾರ್ಡ್ ಕೇಳಿ. ಅದ್ರಲ್ಲಿ ಆ ಸ್ವರ ಇದೆಯಲ್ಲ?”

ಇತ್ತು. ಜೋಹಾನ್ಸ್‌ಬರ್ಗಿನಲ್ಲಿ ಅದನ್ನು ಮುದ್ರಿಸಿದಾಗ ಅವಳು ಹಸಿ ಬಾಣಂತಿ. ಬೇರೆ ಗಾಯಕಿಯನ್ನು ನಿಲ್ಲಿಸಲು ಮೊನ್ವಾಬಿಸಿ ಒಪ್ಪದೆ, ಒಲ್ಲದ ಮನಸ್ಸಿನಿಂದ ತಾನೇ ನುಡಿಸಿದ್ದ. ಮನೆಯಲ್ಲಿ ಆ ರೆಕಾರ್ಡಿನ ತಟ್ಟೆಯನ್ನು ಅವನು ಒಮ್ಮೆಯೂ ಹಾಕಲಿಲ್ಲ. ಆದರೆ ಊರೂರು ಸುತ್ತಿದ್ದು ಅದೇ.

“ಹಾಗೆ ನುಡಿಸಿದ್ದು ಅದೊಂದೇ ಸಲ, ಮಗಾ,” ಎಂದಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಉಳಿದಂತೆ ಅವನು ಅಲ್ಲಿ ಕೈ ಎತ್ತಿ ತನ್ನತ್ತ ತಿರುಗುತ್ತಿದ್ದುದನ್ನೂ ಹೇಳಿದಳು.

ಲುಲಾಮ ತಲೆದೂಗಿದ. “ಬಿಡ್ತೀನಮ್ಮಾ. ಅವ್ರ ಹಾಗೇ ಕೈ ಎತ್ತಿ ನಿಮ್ಮ ಕಡೆ ನೋಡ್ತೀನಿ.”

ಜನ ಬಂದರು. ಟೊಪ್ಪಿ ಓರೆ ಮಾಡಿದ, ಎರಡು ಬಣ್ಣದ ಬೂಟು ತಿಕ್ಕಿ ಹೊಳೆಯಿಸಿದ ಗಂಡಸರು. ಭಾನುವಾರವೆಲ್ಲ ಒಬ್ಬರ ಮನೆಯಲ್ಲಿ ಕೂಡಿ ಜಾಝ್ ತಟ್ಟೆ ಕೇಳುವ ಬಳಗದವರು.

“‘ಗುಡ್ಡದ ಮೋಡ’ದ ತಟ್ಟೆ ಮೇಲಿನ ಗೀರೂ ಬಾಯಿಪಾಠ ನಂಗೆ!” ಎಂದ ಮುಂದಿನ ಸಾಲಿನ ಮುದುಕ.

“ಹೆಂಡ್ತಿ ಹುಟ್ಟಿದ ದಿನ ಹೇಳು ನೋಡಾಣ,” ಪಕ್ಕದವನು ತಿವಿದ.

“ಅವಳು ಹುಟ್ಟಿದ್ದಾಳೆ, ಅಷ್ಟು ಗೊತ್ತು!”

ಕೊನೆಗೆ ‘ಗುಡ್ಡದ ಮೋಡ’. ಮುದುಕರು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು. ಲುಲಾಮ ಆ ಜಾಗಕ್ಕೆ ಬಂದ. ಕೈ ಎತ್ತಿದ. ಬಾಗಿಲ ಕಡೆ ತಿರುಗಿದ.

ಮೌನ. ಹತ್ತು ತಿಂಗಳಲ್ಲಿ ಮೊದಲ ಸಲ ಮೊನ್ವಾಬಿಸಿ ಅವಳನ್ನು ನೋಡಿದ ಹಾಗಾಯಿತು. ಹಾಡಲಾರೆನೆಂದು ಗೊತ್ತಿದ್ದೂ ಅವಳ ಎದೆ ಹಳೇ ರೂಢಿಯಂತೆ ಉಸಿರು ಎಳೆದುಕೊಂಡಿತು.

ಅಷ್ಟರಲ್ಲಿ ಮುಂದಿನ ಸಾಲಿನ ಮುದುಕ ಗಾಬರಿಯಾಗಿ ಕಣ್ಣು ತೆರೆದ. ಪಾಪ, ಹುಡುಗ ಮರೆತ! ಅವನ ಮಾನ ಉಳಿಸಲು ತಾನೇ ಆ ಸ್ವರ ಹಾಡಿದ. ಪಕ್ಕದವನು ಕೂಡಿದ. ಹಿಂದಿನ ಸಾಲು ಕೂಡಿತು. ಮರುಕ್ಷಣ ಸಭಾಂಗಣವೆಲ್ಲ ಅದನ್ನು ಹಾಡುತ್ತಿತ್ತು, ತಟ್ಟೆಯಲ್ಲಿರುವಷ್ಟೇ ಉದ್ದ, ಎಳ್ಳಷ್ಟೂ ತಪ್ಪಿಲ್ಲದೆ. ಲುಲಾಮ ದಿಕ್ಕುತೋಚದೆ ಒಮ್ಮೆ ನೊಬಾಂತುವನ್ನು ನೋಡಿ, ಕೀಗಳ ಮೇಲೆ ಕೈ ಇಳಿಸಿದ. ಚಪ್ಪಾಳೆಗೆ ಮಾಡಿನ ತಗಡು ಅದುರಿತು.

ನೊಕ್ವಾಕ ಕಣ್ಣೀರು ಸುರಿಸುತ್ತ ಅವಳ ಕೈ ಅಮುಕಿದಳು. “ಕೇಳಿದ್ಯಾ ಮಾಬೇಲೆ? ಊರಿಗೂರೇ ಹಾಡ್ತು ಅವನಿಗೆ!”

ನೊಬಾಂತು ತಲೆಯಾಡಿಸಿದಳು.

“ಇನ್ನೊಂದ್ಸಲ!” ಮುಂದಿನಿಂದ ಕೂಗು ಎದ್ದಿತು. “ಅಲ್ಲಿ ನಿಲ್ಸು ಮಗಾ, ನಾವು ಹಾಡ್ತೀವಿ!” ಜನ ಆಗಲೇ ಆ ಸ್ವರವನ್ನು ಗುನುಗಿ ಹದ ನೋಡಿಕೊಳ್ಳುತ್ತಿದ್ದರು.

ಎಳೆದುಕೊಂಡ ಉಸಿರು ನೊಬಾಂತುವಿನ ಎದೆಯಲ್ಲೇ ನಿಂತಿತ್ತು. ಪಕ್ಕದವರಿಗೂ ಗೊತ್ತಾಗದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಅದನ್ನು ಹೊರಬಿಟ್ಟಳು.